ಸೈಕಲ್ ಫೋರ್ಕಿಗೆ ಸ್ಪ್ರಿಂಗ್ ಬಂದ ಕಥೆ

ಚಿಕ್ಕಜಾಜೂರು ಜಂಕ್ಷನ್ನಿನಲ್ಲಿ ರೈಲಿಗೆ ಕಾದು ನಿಂತವರಿಗೆ ಹೊತ್ತು ಕಳೆಯಲು ಒಂದು ಉಪಾಯವಿದೆ. ಬೆಂಗಳೂರು–ಹುಬ್ಬಳ್ಳಿ ದಾರಿಯಿಂದ ಚಿತ್ರದುರ್ಗದ ಕಡೆಗೆ ಹಳಿ ಕವಲೊಡೆಯುವುದು ಇಲ್ಲಿಯೇ. ಮೈಸೂರು ಸಂಸ್ಥಾನದ ಕಾಲದಲ್ಲಿ, 1921ರಲ್ಲಿ, ಸುಮಾರು 34 ಕಿಲೋಮೀಟರಿನ ಈ ಕವಲು ದಾರಿ ತೆರೆದಾಗ ಹೊಳಲ್ಕೆರೆ ಸೀಮೆಯ ಈ ಊರು ಜಂಕ್ಷನ್ ಆಯಿತು. ಹಳೆಯ ಮಾದರಿಯ ನೀಲಿ ಬೋಗಿಗಳ ಗಾಡಿ ಬಂದು ನಿಂತರೆ, ಪ್ಲಾಟ್‌ಫಾರಂ ತಗ್ಗಿರುವ ಕಡೆ ನಿಂತು ಗಾಲಿಗಳತ್ತ ಸ್ವಲ್ಪ ಬಗ್ಗಿ ನೋಡಬೇಕು. ತೋಳಿನಷ್ಟು ದಪ್ಪದ ಸುರುಳಿ ಸ್ಪ್ರಿಂಗುಗಳು ಬೋಗಿಯ ಭಾರವನ್ನು ಹೊತ್ತು ಕುಳಿತಿರುತ್ತವೆ. ಅವುಗಳ ಬಳಿಯಲ್ಲೇ, ಎಣ್ಣೆಯ ಜಿಡ್ಡಿಗೆ ಧೂಳು ಅಂಟಿದ ಒಂದು ಕೊಳವೆ ಕಾಣುತ್ತದೆ. ಸ್ಪ್ರಿಂಗ್ ಯಾವುದಕ್ಕೆಂದು ಚಿಕ್ಕ ಮಕ್ಕಳೂ ಹೇಳುತ್ತಾರೆ. ಕೊಳವೆ ಯಾವುದಕ್ಕೆಂದು ದೊಡ್ಡವರೂ ಕೇಳುವುದಿಲ್ಲ.

ಅದೇ ನಿಲ್ದಾಣದ ಹೊರಗೆ ಯಾವನೋ ಹುಡುಗನ ಹೊಸ ಸೈಕಲ್ ನಿಂತಿರಬಹುದು. ದಪ್ಪ ಟೈರು, ನೇರ ಹ್ಯಾಂಡಲ್, ಮುಂದಿನ ಗಾಲಿಯ ಎರಡೂ ಬದಿಗೆ ಬಣ್ಣ ಬಳಿದ ದಪ್ಪ ಕೊಳವೆಗಳು. ‘ಶಾಕ್ ಇರೋ ಸೈಕಲ್’ ಎಂದು ಅಪ್ಪನಲ್ಲಿ ಹಟ ಮಾಡಿ ಕೊಡಿಸಿಕೊಂಡದ್ದು. ಅದರ ಫೋರ್ಕಿನೊಳಗೆ ಬೋಗಿಯಲ್ಲಿರುವಂತೆಯೇ ಸ್ಪ್ರಿಂಗ್ ಇದೆ. ಎಣ್ಣೆಯ ಕೊಳವೆ ಮಾತ್ರ ಅಗ್ಗದ ಸೈಕಲ್ಲುಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಹುಡುಗನ ಅಪ್ಪ ಹೆಚ್ಚು ಹಣ ಕೊಟ್ಟದ್ದು ಅರ್ಧ ಯಂತ್ರಕ್ಕೆ ಎಂದರೆ ತಪ್ಪಾಗದು.

ಈ ಅರ್ಧ ಯಂತ್ರದ ವ್ಯಾಪಾರ ಹೊಸದೇನಲ್ಲ. ಗಾಡಿಗಳ ಚರಿತ್ರೆಯಲ್ಲಿ ಜನ ಮತ್ತೆ ಮತ್ತೆ ಮೊದಲು ಸ್ಪ್ರಿಂಗಿಗೆ ಮನಸೋತಿದ್ದಾರೆ. ಅದರ ಕುಣಿತಕ್ಕೆ ಲಗಾಮು ಬೇಕೆಂಬುದು ಪೆಟ್ಟು ತಿಂದ ಮೇಲೆ ತಿಳಿದಿದೆ.

ಸೈಕಲ್ ಹುಟ್ಟಿದಾಗ ಗಾಳಿ ತುಂಬಿದ ಟೈರ್ ಇರಲಿಲ್ಲ. 1860ರ ದಶಕದ ಪೆಡಲ್ ಸೈಕಲ್ಲುಗಳ ಮರದ ಗಾಲಿಗೆ ಕಬ್ಬಿಣದ ಪಟ್ಟಿ ಬಡಿದಿರುತ್ತಿತ್ತು. ಕಲ್ಲು ಹಾಸಿದ ಬೀದಿಯಲ್ಲಿ ಅದನ್ನು ಹತ್ತಿದವರ ಗತಿ ಏನಾಗುತ್ತಿತ್ತೆಂಬುದಕ್ಕೆ ಇಂಗ್ಲಿಷರು ಇಟ್ಟ ಅಡ್ಡಹೆಸರೇ ಸಾಕ್ಷಿ: ಬೋನ್‌ಶೇಕರ್, ಅಂದರೆ ಎಲುಬು ಅಲುಗಿಸುವ ಗಾಡಿ. ಹೀಗಾಗಿ ಸೈಕಲ್ಲಿಗೆ ಸ್ಪ್ರಿಂಗ್ ಕಟ್ಟುವ ಪ್ರಯತ್ನ ತೀರಾ ಬೇಗನೆ ಆರಂಭವಾಯಿತು. 1885ರಲ್ಲಿ ಇಂಗ್ಲೆಂಡಿನ ಲಿನ್ಲಿ ಮತ್ತು ಬಿಗ್ಸ್ ಕಂಪನಿ ತಂದ ‘ವ್ಹಿಪೆಟ್’ ಎಂಬ ಸೈಕಲ್ಲಿನಲ್ಲಿ ಸೀಟು, ಹ್ಯಾಂಡಲ್, ಪೆಡಲ್ ಮೂರನ್ನೂ ಚೌಕಟ್ಟಿನಿಂದ ಸ್ಪ್ರಿಂಗಿನ ಮೂಲಕ ತೂಗುಬಿಡಲಾಗಿತ್ತು. ಇದಕ್ಕೆ ಒಳ್ಳೆಯ ಹೆಸರೂ ಬಂತು. ಆದರೆ 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ಗಾಳಿ ಟೈರಿಗೆ ಪೇಟೆಂಟ್ ಪಡೆದದ್ದೇ ತಡ, ಈ ಎಲ್ಲ ಸರ್ಕಸ್ಸೂ ಅನಗತ್ಯವಾಯಿತು. ರಬ್ಬರಿನ ಒಳಗಿನ ಗಾಳಿಗಿಂತ ಹಗುರವಾದ, ಅಗ್ಗವಾದ ಸ್ಪ್ರಿಂಗ್ ಇನ್ನೊಂದಿರಲಿಲ್ಲ. ಬಹುಪಾಲು ಸೈಕಲ್ಲುಗಳು ಮುಂದಿನ ನೂರು ವರ್ಷ ಅದೊಂದನ್ನೇ ನಂಬಿ ಓಡಿದವು.

ನಮ್ಮ ಊರುಗಳ ಹಳೆಯ ಅಟ್ಲಾಸ್, ಹೀರೋ, ಹರ್ಕ್ಯುಲಿಸ್‌ಗಳು ಇದೇ ಪರಂಪರೆಯವು. ಹಿಟ್ಟಿನ ಮೂಟೆ, ಹಾಲಿನ ಕ್ಯಾನು, ತೆಂಗಿನಕಾಯಿ ಚೀಲ, ಮುಂದಿನ ಬಾರಿನ ಮೇಲೊಂದು ಮಗು, ಎಲ್ಲವನ್ನೂ ಹೊತ್ತ ಆ ಸೈಕಲ್ಲುಗಳ ಫೋರ್ಕ್ ಬರೀ ಉಕ್ಕಿನ ಕೊಳವೆ. ತುದಿಯಲ್ಲಿ ಮುಂದಕ್ಕೆ ಬಾಗಿದ ಅದರ ಆಕಾರವನ್ನು ಗಮನಿಸಬೇಕು. ಆ ಬಾಗಿದ ಕಾಲುಗಳು ಗುಂಡಿಗೆ ಬಿದ್ದಾಗ ಒಂದಿಷ್ಟು ಮಣಿದು ಮತ್ತೆ ಸರಿಯಾಗುತ್ತವೆ. ಶಾಕ್ ಎಂಬ ಪದ ಕೇಳದ ಕಾಲದಲ್ಲೂ ಅಷ್ಟರಮಟ್ಟಿನ ಶಾಕ್ ಅದರಲ್ಲಿತ್ತು.

ಜಟಕಾ ಗಾಡಿಯ ಗುಟ್ಟು

ಸ್ಪ್ರಿಂಗ್ ಒತ್ತಿದಾಗ ಪೆಟ್ಟಿನ ಶಕ್ತಿಯನ್ನು ನುಂಗುವುದಿಲ್ಲ, ಕೂಡಿಡುತ್ತದೆ. ಕೂಡಿಟ್ಟದ್ದನ್ನು ಮರುಕ್ಷಣವೇ ಬಡ್ಡಿಯಿಲ್ಲದೆ ವಾಪಸು ಕೊಡುತ್ತದೆ. ಹಾಗೆ ಕೊಟ್ಟಾಗ ಗಾಡಿ ಮೇಲಕ್ಕೆ ಚಿಮ್ಮುತ್ತದೆ, ಬೀಳುತ್ತದೆ, ಮತ್ತೆ ಚಿಮ್ಮುತ್ತದೆ. ಈ ಶಕ್ತಿ ಎಲ್ಲಾದರೂ ಶಾಖವಾಗಿ ಕರಗಿಹೋಗುವವರೆಗೆ ಕುಣಿತ ನಿಲ್ಲದು. ಹೀಗೆ ಕರಗಿಸುವ ಕೆಲಸಕ್ಕೆ ಎಂಜಿನಿಯರುಗಳು ಡ್ಯಾಂಪಿಂಗ್ ಎನ್ನುತ್ತಾರೆ.

ಜಟಕಾ ಗಾಡಿಯಲ್ಲೂ ಲಾರಿಯಲ್ಲೂ ಇರುವ ಪಟ್ಟಿ ಸ್ಪ್ರಿಂಗು ಈ ವಿಷಯದಲ್ಲಿ ಜಾಣ. ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳು ಬಾಗುವಾಗ ಪರಸ್ಪರ ಉಜ್ಜಿಕೊಳ್ಳುತ್ತವೆ. ಉಜ್ಜಾಟದಲ್ಲಿ ಕುಣಿತದ ಒಂದು ಪಾಲು ಸೋರಿಹೋಗುತ್ತದೆ. 1804ರಲ್ಲಿ ಇಂಗ್ಲೆಂಡಿನ ಒಬೇಡಯಾ ಎಲಿಯಟ್ ಕುದುರೆ ಸಾರೋಟಿಗೆ ಇಂಥ ಪಟ್ಟಿಗಳನ್ನು ಕೂಡಿಸಿದ ಮೇಲೆ ನೂರು ವರ್ಷ ಬೇರೆ ಡ್ಯಾಂಪರಿನ ಬಗ್ಗೆ ಹೆಚ್ಚಿನವರು ತಲೆ ಕೆಡಿಸಿಕೊಳ್ಳದಿದ್ದುದಕ್ಕೆ ಇದೂ ಒಂದು ಕಾರಣ. ಸುರುಳಿ ಸ್ಪ್ರಿಂಗಿಗೆ ಈ ಗುಣವಿಲ್ಲ. ಅದರ ಸುತ್ತುಗಳು ಒಂದಕ್ಕೊಂದು ತಾಗುವುದಿಲ್ಲ. ಕುಣಿಯಲು ಬಿಟ್ಟರೆ ಕುಣಿಯುತ್ತಲೇ ಇರುತ್ತದೆ.

ಇದಕ್ಕೆ ಮದ್ದು ಕಂಡುಹಿಡಿದವರಲ್ಲಿ ಮೊದಲಿಗನೊಬ್ಬ ಅದನ್ನು ಪ್ರಯೋಗಿಸಿದ್ದು ಸೈಕಲ್ಲಿನ ಮೇಲೆ ಎಂಬುದು ಕುತೂಹಲದ ಸಂಗತಿ. ಫ್ರಾನ್ಸಿನ ಟ್ರುಫೋ ಎಂಬಾತ 1898ರ ಸುಮಾರಿನಲ್ಲಿ ರೇಸ್ ಸೈಕಲ್ಲಿನ ಮುಂದಿನ ಫೋರ್ಕಿಗೆ ಸ್ಪ್ರಿಂಗ್ ಕೂಡಿಸಿ, ಅದು ಕುಣಿಯದಂತೆ ಉಜ್ಜುವ ಬಿಲ್ಲೆಗಳನ್ನು ಇಟ್ಟ. ಅಮೆರಿಕದ ಎಡ್ವರ್ಡ್ ಹಾರ್ಟ್‌ಫರ್ಡ್ ಅದನ್ನು ಕಂಡು, ಮೋಟಾರು ಕಾರಿಗೆ ಹೊಂದಿಸಿ ಮಾರಾಟಕ್ಕಿಳಿದ. ಕಾರಿನ ಶಾಕ್ ಅಬ್ಸಾರ್ಬರ್ ಜನಪ್ರಿಯವಾದದ್ದು ಹಾಗೆ. ಸೈಕಲ್ ಕೊಟ್ಟ ವಿದ್ಯೆ ಕಾರಿಗೆ, ಕಾರಿನಿಂದ ಮೋಟಾರ್ ಸೈಕಲ್ಲಿಗೆ ಹೋಯಿತು. ಸೈಕಲ್ ಮಾತ್ರ ಅದನ್ನು ಮರೆತುಬಿಟ್ಟಿತು.

ಉಜ್ಜುವ ಬಿಲ್ಲೆಗೆ ಒಂದು ದೋಷವಿದೆ. ಅದು ಸಣ್ಣ ಅಲುಗಾಟಕ್ಕೂ ದೊಡ್ಡ ಪೆಟ್ಟಿಗೂ ಒಂದೇ ಸಮ ಅಡ್ಡಿ ಮಾಡುತ್ತದೆ. ಎಣ್ಣೆ ಹಾಗಲ್ಲ. ಇಂಜೆಕ್ಷನ್ ಸಿರಿಂಜಿನಲ್ಲಿ ನೀರು ತುಂಬಿ ಮೆಲ್ಲಗೆ ಒತ್ತಿದರೆ ಸಲೀಸಾಗಿ ಹೋಗುತ್ತದೆ. ರಭಸದಿಂದ ಒತ್ತಿದರೆ ಬೆರಳು ನೋಯುತ್ತದೆ. ಎಣ್ಣೆಯನ್ನು ಕಿರಿದಾದ ತೂತಿನ ಮೂಲಕ ನುಗ್ಗಿಸಿದರೆ ವೇಗ ಹೆಚ್ಚಿದಷ್ಟೂ ತಡೆ ತಾನಾಗಿ ಹೆಚ್ಚುತ್ತದೆ. 1935ರಲ್ಲಿ ಜರ್ಮನಿಯ ಬಿಎಂಡಬ್ಲ್ಯು ಕಂಪನಿ ತನ್ನ ಆರ್12 ಮೋಟಾರ್ ಸೈಕಲ್ಲಿಗೆ ಒಂದರೊಳಗೊಂದು ಜಾರುವ ಕೊಳವೆಗಳ, ಒಳಗೆ ಎಣ್ಣೆ ತುಂಬಿದ ಫೋರ್ಕನ್ನು ಇಟ್ಟಿತು. ಟೆಲಿಸ್ಕೋಪಿಕ್ ಫೋರ್ಕ್ ಎಂದು ಇಂದು ಎಲ್ಲರಿಗೂ ಪರಿಚಯವಿರುವುದು ಇದೇ. ನಮ್ಮ ರೈಲ್ವೆಯ ನೀಲಿ ಬೋಗಿಗಳಿಗೂ ಎಣ್ಣೆಯ ಡ್ಯಾಂಪರ್ ಬಂದದ್ದು ಇದೇ ತತ್ವದಿಂದ. ಪೆರಂಬೂರಿನ ಇಂಟೆಗ್ರಲ್ ಕೋಚ್ ಫ್ಯಾಕ್ಟರಿ 1955ರಲ್ಲಿ ಸ್ವಿಟ್ಜರ್ಲೆಂಡಿನ ಕಂಪನಿಯೊಂದರ ನೆರವಿನಿಂದ ಆ ಮಾದರಿಯನ್ನು ಕೈಗೆತ್ತಿಕೊಂಡಿತು.

ಕನ್ನಡ ನಾಡಿಗೆ ಈ ವಿದ್ಯೆ ಮನೆಮಾತಾಗಿ ಬಂದದ್ದು ಮೈಸೂರಿನ ಮೂಲಕ. ಯಾದವಗಿರಿಯಲ್ಲಿ ಇರಾನಿ ಕುಟುಂಬ ಕಟ್ಟಿದ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಚೆಕೊಸ್ಲೊವಾಕಿಯದ ಜಾವಾ 250ನ್ನು ಇಲ್ಲಿ ತಯಾರಿಸತೊಡಗಿತು. ಎಪ್ಪತ್ತರ ದಶಕದಲ್ಲಿ ಅದರ ಹೆಸರು ಯೆಜ್ಡಿ ಆಯಿತು. 1996ರಲ್ಲಿ ಕಾರ್ಖಾನೆ ಬಾಗಿಲು ಮುಚ್ಚಿದರೂ, ಆ ಮೂವತ್ತೈದು ವರ್ಷಗಳಲ್ಲಿ ಸಣ್ಣ ಊರುಗಳ ಎಷ್ಟೋ ಮೆಕ್ಯಾನಿಕ್ಕುಗಳು ಫೋರ್ಕ್ ಬಿಚ್ಚಿ ಹಳೆಯ ಎಣ್ಣೆ ಸುರಿದು, ಸೀಲ್ ಬದಲಿಸಿ, ಎರಡೂ ಕಾಲಿಗೆ ಸಮನಾಗಿ ಹೊಸ ಎಣ್ಣೆ ಅಳೆದು ಹಾಕುವುದನ್ನು ಕಲಿತರು. ಸೀಲ್ ಸೋರಿ ಎಣ್ಣೆ ಖಾಲಿಯಾದ ಗಾಡಿಯ ಮುಂಭಾಗ ಹೇಗೆ ಕುಣಿಯುತ್ತದೆಂದು ಜಾವಾ ಓಡಿಸಿದವರಿಗೆ ಹೇಳಬೇಕಾಗಿಲ್ಲ. ಡ್ಯಾಂಪಿಂಗ್ ಇಲ್ಲದ ಸೈಕಲ್ ಫೋರ್ಕ್ ಅಂದರೆ ಹುಟ್ಟುವಾಗಲೇ ಎಣ್ಣೆ ಸೋರಿಹೋದ ಜಾವಾ.

ಬೆಟ್ಟ ಇಳಿದವರು

ಸೈಕಲ್ಲಿಗೆ ಮತ್ತೆ ಸ್ಪ್ರಿಂಗ್ ಬೇಕೆನಿಸಿದ್ದು ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ. ಸ್ಯಾನ್‌ಫ್ರಾನ್ಸಿಸ್ಕೊ ಪಕ್ಕದ ಮರಿನ್ ಕೌಂಟಿಯಲ್ಲಿ ಗ್ಯಾರಿ ಫಿಶರ್, ಜೋ ಬ್ರೀಜ್, ಚಾರ್ಲಿ ಕೆಲ್ಲಿ ಮೊದಲಾದ ಯುವಕರು ದಪ್ಪ ಟೈರಿನ ಹಳೆಯ ಸೈಕಲ್ಲುಗಳನ್ನು ಬೆಟ್ಟದ ಮೇಲೆ ಸಾಗಿಸಿ, ಮಣ್ಣಿನ ದಾರಿಯಲ್ಲಿ ಪಂದ್ಯ ಕಟ್ಟಿ ಇಳಿಯುತ್ತಿದ್ದರು. 1976ರಲ್ಲಿ ಆರಂಭವಾದ ಈ ಪಂದ್ಯಕ್ಕೆ ‘ರೀಪ್ಯಾಕ್’ ಎಂದು ಹೆಸರು. ಒಂದು ಸಲ ಇಳಿಯುವಷ್ಟರಲ್ಲಿ ಹಿಂದಿನ ಹಬ್ಬಿನ ಬ್ರೇಕ್ ಕಾದು ಅದರ ಗ್ರೀಸೆಲ್ಲ ಹೊಗೆಯಾಗುತ್ತಿತ್ತು, ಮತ್ತೆ ತುಂಬಬೇಕಾಗುತ್ತಿತ್ತು. ಮೌಂಟನ್ ಬೈಕ್ ಎಂಬ ಹೊಸ ಜಾತಿಯ ಸೈಕಲ್ ಈ ಹುಚ್ಚಾಟದಿಂದ ಹುಟ್ಟಿತು. ಆದರೂ ಹತ್ತು ಹನ್ನೆರಡು ವರ್ಷ ಅದರ ಫೋರ್ಕ್ ನಮ್ಮ ಅಟ್ಲಾಸಿನ ಫೋರ್ಕಿನಂತೆ ಬರೀ ಉಕ್ಕೇ ಆಗಿತ್ತು.

ಅದನ್ನು ಬದಲಿಸಿದವನು ಪಾಲ್ ಟರ್ನರ್. ಮೋಟಾರ್ ಸೈಕಲ್ ರೇಸಿನಲ್ಲಿ ಮೆಕ್ಯಾನಿಕ್ ಆಗಿದ್ದ ಆತನಿಗೆ ಎಣ್ಣೆಯ ಫೋರ್ಕ್ ಕೈಯ ಪಾಠ. 1989ರಲ್ಲಿ ಆತನ ರಾಕ್‌ಶಾಕ್ಸ್ ಕಂಪನಿ ತಂದ ಆರ್‌ಎಸ್-1 ಫೋರ್ಕಿನಲ್ಲಿ ಸ್ಪ್ರಿಂಗಿನ ಬದಲು ಒತ್ತಿದ ಗಾಳಿ, ಡ್ಯಾಂಪಿಂಗಿಗೆ ಎಣ್ಣೆ, ಗಾಲಿ ಮೇಲೆ ಕೆಳಗೆ ಆಡಲು ಸುಮಾರು 5 ಸೆಂಟಿಮೀಟರ್ ಜಾಗ ಇದ್ದವು. ಭಾರ ಹೆಚ್ಚಾಗುತ್ತದೆ, ಸವಾರನ ಶ್ರಮ ಪೋಲಾಗುತ್ತದೆ ಎಂದು ಮೂಗು ಮುರಿದವರೂ ಇದ್ದರು. ಮರುವರ್ಷ, 1990ರಲ್ಲಿ, ಕೊಲರಾಡೊದ ಡುರಾಂಗೊದಲ್ಲಿ ಮೌಂಟನ್ ಬೈಕಿನ ಮೊದಲ ಅಧಿಕೃತ ವಿಶ್ವ ಚಾಂಪಿಯನ್‌ಷಿಪ್ ನಡೆಯಿತು. ಏರಿಳಿತದ ಪಂದ್ಯದಲ್ಲಿ ನೆಡ್ ಓವರೆಂಡ್, ಇಳಿಜಾರಿನ ಪಂದ್ಯದಲ್ಲಿ ಗ್ರೆಗ್ ಹರ್ಬೋಲ್ಡ್ ಗೆದ್ದರು. ಇಬ್ಬರ ಸೈಕಲ್ಲಿನಲ್ಲೂ ಇದ್ದದ್ದು ರಾಕ್‌ಶಾಕ್ಸ್. ಮೂಗು ಮುರಿದವರು ಮೌನವಾದರು.

ಆಮೇಲಿನದು ಸಂತೆಯ ಕಥೆ. ಎಣ್ಣೆ, ಸೀಲುಗಳ ರಗಳೆ ಬೇಡವೆಂದು ಡಗ್ ಬ್ರಾಡ್‌ಬರಿ ತನ್ನ ಮ್ಯಾನಿಟೂ ಫೋರ್ಕಿನೊಳಗೆ ರಬ್ಬರಿನಂಥ ಗುಂಡುಗಳನ್ನು ಜೋಡಿಸಿದ. ರಬ್ಬರು ತಾನೇ ಒಂದಿಷ್ಟು ಶಕ್ತಿಯನ್ನು ನುಂಗುವುದರಿಂದ ಅದರಲ್ಲಿ ಅಲ್ಪ ಡ್ಯಾಂಪಿಂಗ್ ಇದ್ದೇ ಇತ್ತು. ಆದರೆ ಚಳಿಗೆ ಅದು ಗಟ್ಟಿಯಾಗುತ್ತಿತ್ತು, ಕಾಲ ಕಳೆದಂತೆ ಸೋಲುತ್ತಿತ್ತು. ತೊಂಬತ್ತರ ದಶಕ ಮುಗಿಯುವ ವೇಳೆಗೆ ಒಳ್ಳೆಯ ಫೋರ್ಕುಗಳೆಲ್ಲ ಎಣ್ಣೆಗೆ ಮರಳಿದವು. ಅಗ್ಗದವು ಬರೀ ಸುರುಳಿಯನ್ನೋ ರಬ್ಬರನ್ನೋ ಇಟ್ಟುಕೊಂಡು ಉಳಿದವು. ಹೊರಗಿನಿಂದ ನೋಡಿದರೆ ಎರಡೂ ಒಂದೇ! ನಮ್ಮಲ್ಲಿ ‘ಎಂಟಿಬಿ’ ಎಂಬ ಹೆಸರಿನ ಸೈಕಲ್ಲುಗಳು ಹರಡಿದಾಗ ಹಳ್ಳಿಪೇಟೆಗಳಿಗೆ ಹೆಚ್ಚಾಗಿ ಬಂದದ್ದು ಈ ಎರಡನೆಯ ಜಾತಿಯವು.

ಅದರಿಂದ ಆಗುವ ನಷ್ಟವೇನು? ಸವಾರ ಕುಳಿತಾಗ ಸ್ಪ್ರಿಂಗ್ ಎರಡೂವರೆ ಸೆಂಟಿಮೀಟರ್ ತಗ್ಗಿತೆನ್ನಿ. ಭೌತಶಾಸ್ತ್ರದ ಲೆಕ್ಕದಂತೆ ಅಂಥ ಫೋರ್ಕ್ ಸೆಕೆಂಡಿಗೆ ಸುಮಾರು 3 ಸಲ ಕುಣಿಯುತ್ತದೆ. ಟ್ರ್ಯಾಕ್ಟರ್ ಓಡಾಡಿದ ಮಣ್ಣುರಸ್ತೆಯಲ್ಲಿ ಅಲೆಯಂತೆ ಎದ್ದ ಸಾಲುಗಳು 80 ಸೆಂಟಿಮೀಟರಿಗೊಂದರಂತೆ ಇದ್ದರೆ, ಗಂಟೆಗೆ 9 ಕಿಲೋಮೀಟರ್ ವೇಗದಲ್ಲಿ ಪೆಟ್ಟುಗಳು ಬರುವುದೂ ಸೆಕೆಂಡಿಗೆ 3. ಉಯ್ಯಾಲೆಯನ್ನು ಸರಿಯಾದ ಹೊತ್ತಿಗೆ ತಳ್ಳಿದಂತೆ ಪ್ರತಿ ಪೆಟ್ಟೂ ಹಿಂದಿನ ಕುಣಿತಕ್ಕೆ ಸೇರುತ್ತದೆ. ಮುಂದಿನ ಗಾಲಿ ನೆಲ ಬಿಡುತ್ತದೆ. ನೆಲ ಬಿಟ್ಟ ಗಾಲಿ ಬ್ರೇಕಿಗೂ ಬಗ್ಗದು, ತಿರುವಿಗೂ ಬಗ್ಗದು. ಗಟ್ಟಿ ಫೋರ್ಕಿನಲ್ಲಿ ಕೈ ನೋಯುತ್ತದೆ, ನಿಜ. ಆದರೆ ಗಾಲಿ ಎಲ್ಲಿದೆಯೆಂದು ಸವಾರನಿಗೆ ಗೊತ್ತಿರುತ್ತದೆ.

ಹಾಗೆಂದು ಎಣ್ಣೆ ಇದ್ದ ಮಾತ್ರಕ್ಕೆ ಎಲ್ಲ ಸರಿಹೋಗುವುದೂ ಇಲ್ಲ. ಬರೀ ಒಂದು ತೂತಿನ ಡ್ಯಾಂಪರಿನಲ್ಲಿ ವೇಗ ಎರಡು ಪಟ್ಟಾದರೆ ತಡೆ ನಾಲ್ಕು ಪಟ್ಟಾಗುತ್ತದೆ. ಮೆಲ್ಲನೆಯ ತೂಗಾಟಕ್ಕೆ ತಡೆ ಸಾಲದು, ಚೂಪು ಕಲ್ಲಿನ ಪೆಟ್ಟಿಗೆ ತೀರಾ ಹೆಚ್ಚು. ಅದಕ್ಕೆ ತೂತಿನ ಮೇಲೆ ತೆಳ್ಳನೆಯ ಉಕ್ಕಿನ ವಾಷರುಗಳನ್ನು ಪೇರಿಸಿಡುತ್ತಾರೆ. ಒತ್ತಡ ಮಿತಿ ಮೀರಿದಾಗ ಅವು ಬಾಗಿ ಎಣ್ಣೆಗೆ ದಾರಿ ಬಿಡುತ್ತವೆ. ದುಬಾರಿ ಫೋರ್ಕಿನ ಬೆಲೆಯ ದೊಡ್ಡ ಪಾಲು ಹೋಗುವುದು ಕಣ್ಣಿಗೆ ಕಾಣದ ಇಂಥ ವಾಷರುಗಳಿಗೆ. ಇವು ಒತ್ತುವಾಗಿನ ತಡೆ ಬೇರೆ, ವಾಪಸು ಬರುವಾಗಿನ ತಡೆ ಬೇರೆ ಎಂದು ಹೊಂದಿಸಲು ಬರುತ್ತವೆ. ಎರಡರಲ್ಲಿ ಒಂದನ್ನೇ ಆರಿಸಬೇಕಾದರೆ ವಾಪಸಾತಿಯ ತಡೆಯನ್ನೇ ಆರಿಸಬೇಕು. ಸವಾರನನ್ನು ಎಸೆಯುವುದು ವಾಪಸು ಚಿಮ್ಮುವ ಸ್ಪ್ರಿಂಗೇ.

ಕೊಳವೆಯ ದಪ್ಪ

ಇನ್ನು ಬಿಗಿಯ ಮಾತು. ಹಳೆಯ ಉಕ್ಕಿನ ಫೋರ್ಕ್ ಒಂದೇ ತುಂಡು. ಶಾಕಿನ ಫೋರ್ಕ್ ನಾಲ್ಕು ಕೊಳವೆಗಳ ಸಂಸಾರ. ಮೇಲಿನ ಎರಡು ಹೊಳೆಯುವ ಕೊಳವೆಗಳು ಕೆಳಗಿನ ಎರಡರೊಳಗೆ ಜಾರುತ್ತವೆ. ಎಡಗಾಲು ಬಲಗಾಲುಗಳನ್ನು ಮೇಲ್ಗಡೆ ಒಂದು ಅಡ್ಡಪಟ್ಟಿ, ಕೆಳಗಡೆ ಗಾಲಿಯ ಮೇಲಿನ ಕಮಾನು ಮತ್ತು ಆಕ್ಸಲ್ ಮಾತ್ರ ಒಟ್ಟಿಗೆ ಹಿಡಿದಿರುತ್ತವೆ. ಇವು ಸಡಿಲವಾದರೆ ಹ್ಯಾಂಡಲ್ ಒಂದು ಕಡೆ, ಗಾಲಿ ಇನ್ನೊಂದು ಕಡೆ. ಡಿಸ್ಕ್ ಬ್ರೇಕ್ ಇದ್ದರಂತೂ ಅದು ಒಂದೇ ಕಾಲನ್ನು ಹಿಂದಕ್ಕೆಳೆದು ಫೋರ್ಕನ್ನು ತಿರುಚುತ್ತದೆ.

ತೆಳು ಗೋಡೆಯ ಕೊಳವೆ ಬಾಗದಿರುವ ಶಕ್ತಿ ಅದರ ವ್ಯಾಸದ ಘನದಷ್ಟು ಏರುತ್ತದೆ. ಗೋಡೆಯ ದಪ್ಪ ಅಷ್ಟೇ ಇದ್ದು, 28 ಮಿಲಿಮೀಟರಿನ ಕೊಳವೆಯ ಬದಲು 32ರದನ್ನು ಇಟ್ಟರೆ ಬಿಗಿ ಸುಮಾರು ಒಂದೂವರೆ ಪಟ್ಟಾಗುತ್ತದೆ. ಭಾರ ಹೆಚ್ಚುವುದು ನೂರಕ್ಕೆ 14ರಷ್ಟು ಮಾತ್ರ. ಈ ಲೆಕ್ಕದ ಹಿಂದೆ ಬಿದ್ದು ಕಂಪನಿಗಳು 32, 34, 36 ಎಂದು ಕೊಳವೆಯನ್ನು ದಪ್ಪವಾಗಿಸುತ್ತ ಬಂದವು. 9 ಮಿಲಿಮೀಟರಿನ ಸಣ್ಣ ಆಕ್ಸಲ್ ಹೋಗಿ, ಎರಡೂ ಕಾಲುಗಳ ಮೂಲಕ ತೂರಿ ಬಿಗಿಯುವ 15 ಮಿಲಿಮೀಟರಿನದು ಬಂತು.

ಬಿಗಿ ಮತ್ತು ಡ್ಯಾಂಪಿಂಗ್ ಎರಡನ್ನೂ ಬೇರೆ ಬೇರೆ ಸಂಗತಿಗಳೆಂದು ಅಂಗಡಿಯವರು ವಿವರಿಸುವುದುಂಟು. ಒಳಹೊಕ್ಕು ನೋಡಿದರೆ ಅವು ನೆಂಟರು. ಬಾಗಿದ ಕೊಳವೆ ಇನ್ನೊಂದು ಕೊಳವೆಯೊಳಗೆ ಜಾರಲಾರದು. ಬುಷ್‌ಗಳಿಗೆ ಒತ್ತಿಕೊಂಡು ಕಚ್ಚಿಕೊಳ್ಳುತ್ತದೆ. ಬ್ರೇಕ್ ಹಿಡಿದು ಕಲ್ಲಿನ ಮೇಲೆ ಇಳಿಯುವಾಗ, ಅಂದರೆ ಶಾಕ್ ಅತ್ಯಂತ ಬೇಕಾದ ಹೊತ್ತಿಗೆ, ಸಡಿಲ ಫೋರ್ಕ್ ಅಲ್ಲಾಡದೆ ನಿಂತುಬಿಡುತ್ತದೆ. ಒಳಗಿನ ಡ್ಯಾಂಪರ್ ಎಷ್ಟೇ ಒಳ್ಳೆಯದಿದ್ದರೂ ಆಗ ಉಪಯೋಗವಿಲ್ಲ.

ಬಿಗಿ ಹೆಚ್ಚಿದಷ್ಟೂ ಒಳ್ಳೆಯದೆನ್ನುವುದೂ ಸರಿಯಲ್ಲ. ಐವತ್ತು ಕಿಲೋ ತೂಕದ ಹುಡುಗಿಗೆ, ಜೋಗಿಮಟ್ಟಿಯ ಹಾದಿಯಂಥ ಕಡೆ ನಿಧಾನವಾಗಿ ಹತ್ತಿಳಿಯುವವಳಿಗೆ, 36 ಮಿಲಿಮೀಟರಿನ ಫೋರ್ಕ್ ಬರೀ ಹೊರೆ. ಆಕೆಗೆ 10 ಸೆಂಟಿಮೀಟರ್ ಆಡುವ 32ರ ಫೋರ್ಕ್ ಧಾರಾಳ. ತೊಂಬತ್ತು ಕಿಲೋ ತೂಗುವ, ಬಂಡೆಯಿಂದ ಬಂಡೆಗೆ ಹಾರುವವನ ವಿಷಯ ಬೇರೆ.

ಅಂಗಡಿಯ ಮುಂದೆ

ಕೊಳ್ಳುವವರಿಗೆ ಪರೀಕ್ಷೆ ಕಷ್ಟವೇನಲ್ಲ. ಮುಂದಿನ ಬ್ರೇಕ್ ಹಿಡಿದು ಹ್ಯಾಂಡಲನ್ನು ಪೂರ್ತಿ ಭಾರದಿಂದ ಒತ್ತಿ, ತಟ್ಟನೆ ಬಿಡಬೇಕು. ಟಂಗ್ ಎಂದು ಚಿಮ್ಮಿ ಮೇಲ್ತುದಿಗೆ ಬಡಿದರೆ ಒಳಗೆ ಬರೀ ಸ್ಪ್ರಿಂಗ್. ಒಂದೇ ಸಲ ತಡೆದುಕೊಂಡು ಎದ್ದು ಸುಮ್ಮನಾದರೆ ಡ್ಯಾಂಪರ್ ಇದೆ. ಕಾಲಿನ ಕೆಳತುದಿಯಲ್ಲಿ ತಿರುಗಿಸುವ ಗುಂಡಿ ಇದ್ದರೆ ಎರಡೂ ಕೊನೆಗೆ ತಿರುಗಿಸಿ ಮತ್ತೆ ಒತ್ತಿ ನೋಡಬೇಕು. ವ್ಯತ್ಯಾಸ ಕಾಣದಿದ್ದರೆ ಗುಂಡಿ ಅಲಂಕಾರಕ್ಕೆ. ಮೇಲ್ಗಡೆ ‘ಲಾಕ್’ ಎಂಬ ಗುಂಡಿ ಇರುವುದನ್ನೇ ತೋರಿಸಿ ಡ್ಯಾಂಪಿಂಗ್ ಇದೆ ಎನ್ನುವವರ ಮಾತಿಗೆ ಮರುಳಾಗಬಾರದು. ಅದು ಫೋರ್ಕನ್ನು ಪೂರ್ತಿ ನಿಲ್ಲಿಸುವ ಚಿಲಕವಷ್ಟೆ.

ಬಿಗಿ ತಿಳಿಯಲು ಮುಂದಿನ ಗಾಲಿಯನ್ನು ಮೊಣಕಾಲುಗಳ ನಡುವೆ ಒತ್ತಿ ಹಿಡಿದು ಹ್ಯಾಂಡಲ್ ತಿರುಚಿದರಾಯಿತು. ಗಾಳಿಯ ಫೋರ್ಕಾದರೆ ಸವಾರನ ತೂಕಕ್ಕೆ ತಕ್ಕಷ್ಟು ಗಾಳಿ ಹಾಕಿಸಿಕೊಂಡೇ ಹೊರಡಬೇಕು. ಹೊಳೆಯುವ ಕೊಳವೆಗೆ ಬುಡದಲ್ಲಿ ಒಂದು ರಬ್ಬರ್ ಬ್ಯಾಂಡ್ ಸುತ್ತಿ, ಸೈಕಲ್ ಮೇಲೆ ಮೆಲ್ಲಗೆ ಕುಳಿತು ಇಳಿದರೆ ಅದು ಎಷ್ಟು ಸರಿದಿದೆಯೆಂದು ಕಾಣುತ್ತದೆ. ಒಟ್ಟು ಆಟದ ಕಾಲು ಭಾಗದ ಆಸುಪಾಸು ಸರಿದಿದ್ದರೆ ಸರಿ.

ಈ ಪರೀಕ್ಷೆಯಲ್ಲಿ ಪಾಸಾಗುವ ಫೋರ್ಕ್ ಎಲ್ಲರ ಕೈಗೆಟುಕುವ ಬೆಲೆಗೆ ಸಿಗದು. ಆಗ ಮಾಡುವುದೇನು? ಗಟ್ಟಿ ಫೋರ್ಕಿನ ಸೈಕಲ್ಲನ್ನೇ ಕೊಂಡು, ಉಳಿದ ಹಣಕ್ಕೆ ಅಗಲದ ಒಳ್ಳೆಯ ಟೈರ್ ಹಾಕಿಸುವುದು ಮೇಲು. ಅಗ್ಗದ ಶಾಕ್ ಫೋರ್ಕೊಂದು ಎರಡೂವರೆ ಕಿಲೋ ತೂಗುವುದುಂಟು. ಉಕ್ಕಿನ ಗಟ್ಟಿ ಫೋರ್ಕ್ ಅದರ ಅರ್ಧದಷ್ಟೂ ಇರದು. ಸರ್ಕಾರ 2006–07ರಿಂದ ಎಂಟನೇ ತರಗತಿಯ ಮಕ್ಕಳಿಗೆ ಹಂಚತೊಡಗಿದ ಸೈಕಲ್ಲುಗಳಿಗೆ ಶಾಕ್ ಇರಲಿಲ್ಲ. ಗೆಳೆಯರ ‘ಶಾಕ್ ಸೈಕಲ್’ ನೋಡಿ ಕರುಬಿದ ಮಕ್ಕಳು ಇದ್ದಿರಬಹುದು. ಏರು ಹತ್ತುವಾಗ ಮುಂದೆ ಹೋದವರು ಯಾರೆಂದು ಅವರಿಗೇ ಗೊತ್ತು.

ಒಳ್ಳೆಯ ಫೋರ್ಕನ್ನೇ ಕೊಂಡವರಿಗೆ ಕೊನೆಯ ಪ್ರಶ್ನೆ ಒಂದಿದೆ, ಅದನ್ನು ಹಣ ಕೊಡುವ ಮೊದಲೇ ಕೇಳಬೇಕು: ಸೀಲ್ ಎಲ್ಲಿ ಸಿಗುತ್ತದೆ? ಕೆಲವು ತಯಾರಕರು 50 ಗಂಟೆಯ ಸವಾರಿಗೊಮ್ಮೆ ಕೆಳಗಿನ ಕೊಳವೆ ಬಿಚ್ಚಿ ಎಣ್ಣೆ ಬದಲಿಸಲು ಹೇಳುತ್ತಾರೆ. ನಮ್ಮ ಕೆಂಧೂಳಿನಲ್ಲಿ ಅದನ್ನು ಉಪೇಕ್ಷಿಸಿದರೆ ಸೀಲಿನಲ್ಲಿ ಸಿಕ್ಕ ಮರಳು ಹೊಳೆಯುವ ಕೊಳವೆಯನ್ನು ಗೀಚಿಹಾಕುತ್ತದೆ. ಗೀಚಿದ ಕೊಳವೆಗೆ ಹೊಸ ಸೀಲ್ ಹಾಕಿಯೂ ಫಲವಿಲ್ಲ. ಸೀಲ್ ಮತ್ತು ಹೇಳಿದ ದರ್ಜೆಯ ಎಣ್ಣೆ ತಂದುಕೊಟ್ಟರೆ, ಕೆಳಗಿನ ಕೊಳವೆ ಬಿಚ್ಚಿ ತೊಳೆಯುವ ಕೆಲಸಕ್ಕೆ ಬೆಂಗಳೂರಿಗೆ ಹೋಗಬೇಕಾಗಿಲ್ಲ. ಯೆಜ್ಡಿಯ ಫೋರ್ಕ್ ಬಿಚ್ಚಿ ಪಳಗಿದ ಹಳೆಯ ಮೆಕ್ಯಾನಿಕ್ ಹತ್ತಿರದಲ್ಲಿ ಯಾರಾದರೂ ಇದ್ದರೆ, ಅಳತೆಯ ಲೋಟ ಅವರ ಬಳಿ ಈಗಲೂ ಇರುತ್ತದೆ.